ಬೀರುವಿನಲ್ಲಿದ್ದ 11 ಕುಂಚ

ಮೈಸೂರು ಶೈಲಿಯ ಚಿತ್ರ ಕಲಿಸುವ ಸಣ್ಣ ಶಾಲೆಯೊಂದರಲ್ಲಿ ಸಾಮಗ್ರಿ ನೋಡಿಕೊಳ್ಳುವುದು ನನ್ನ ಕೆಲಸ. ಬಣ್ಣ, ಚಿನ್ನದ ರೇಕು, ಉಬ್ಬು ಕೆಲಸಕ್ಕೆ ಹಚ್ಚುವ ಮಕ್ಕು ಸಫೇದ ಎಂಬ ಲೇಪ, ಕುಂಚ ಎಲ್ಲದರ ಲೆಕ್ಕವೂ ನನ್ನದೇ. ರಜೆಯಲ್ಲಿ ಗಾಯಗೊಂಡ ಪ್ರಾಣಿಗಳನ್ನು ಉಳಿಸುವ ಗೆಳೆಯರ ಜೊತೆ ಓಡಾಡುತ್ತೇನೆ. ಇವೆರಡೂ ಬೇರೆ ಬೇರೆ ಎಂದುಕೊಂಡಿದ್ದೆ.

ಒಂದು ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಖಾಲಿ ಸೈಟಿನಲ್ಲಿ ಮುಂಗುಸಿಯೊಂದರ ಹಿಂಗಾಲು ತಂತಿ ಉರುಲಿಗೆ ಸಿಕ್ಕಿತ್ತು. ಅರಣ್ಯ ಇಲಾಖೆಯವರು ಬರುವವರೆಗೆ ದಪ್ಪ ಟವೆಲ್ ಹೊದಿಸಿ ಹಿಡಿದುಕೊಂಡೆ. ಕಣ್ಣಿಗೆ ಕತ್ತಲಾದರೆ ಒದ್ದಾಟ ತಗ್ಗುತ್ತದೆ. ಹೊರಗುಳಿದ ಬಾಲದ ಮೇಲೆ ಟಾರ್ಚ್ ಬಿತ್ತು. ಒಂದೊಂದು ಕೂದಲಲ್ಲೂ ಪಟ್ಟೆ: ಕಂದು, ಕೆನೆ, ತುದಿಯಲ್ಲಿ ಮತ್ತೆ ಕಂದು. ಆ ಪಟ್ಟೆಯನ್ನು ನಾನು ದಿನಾ ನೋಡುತ್ತಿದ್ದೆ, ನಮ್ಮ ಬೀರುವಿನಲ್ಲಿ.

ಬೆಳಿಗ್ಗೆ ಎಣಿಸಿದರೆ ಮುಂಗುಸಿ ಕೂದಲಿನ 11 ಕುಂಚ. ‘ಅಸಲಿ ಕೂದಲು’ ಎಂದಷ್ಟೇ ಕೇಳಿ ಕೊಂಡಿದ್ದವನು ನಾನೇ. ಈ ಕೂದಲನ್ನು ಕುರಿಯ ಉಣ್ಣೆಯಂತೆ ಕತ್ತರಿಸಿಕೊಂಡು ಬಿಡುವುದಿಲ್ಲ, ಕೊಂದೇ ತೆಗೆಯುತ್ತಾರೆ. ಒಂದು ಕಿಲೋಗೆ ಸುಮಾರು 50 ಮುಂಗುಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ವ್ಯಾಪಾರ ಅಪರಾಧ. 2019ರಲ್ಲಿ ಇಂಥ ಕುಂಚಗಳ ವಿರುದ್ಧವೇ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ದೇಶವ್ಯಾಪಿ ಕಾರ್ಯಾಚರಣೆ ನಡೆದಿತ್ತು.

ಹೆದರುತ್ತಲೇ ಮೇಷ್ಟ್ರಿಗೆ ಹೇಳಿದೆ. ಕಲೆಗೆ ಕುತ್ತು ಬಂತು ಅಂತಾರೇನೋ ಅಂದುಕೊಂಡಿದ್ದೆ. ಅವರು ಕುಂಚಗಳನ್ನು ಕಾಗದದಲ್ಲಿ ಸುತ್ತಿ, "ಇವತ್ತೇ ಇಲಾಖೆಗೆ ಒಪ್ಪಿಸಿ ಬಾಪ್ಪ" ಅಂದರು. ಆಮೇಲೆ, "ಹಿಂದಿನವರು ಅತಿ ಸಣ್ಣ ರೇಖೆಯನ್ನ ಹುಲ್ಲಿನ ಎಸಳಲ್ಲಿ ಎಳೀತಿದ್ರು, ಗೊತ್ತಾ? ರೇಖೆ ಇರೋದು ಮಣಿಕಟ್ಟಲ್ಲಿ" ಅಂದರು.

ನೈಲಾನ್ ಕುಂಚಕ್ಕೆ ಒಗ್ಗಿಕೊಳ್ಳುವುದು ಸುಲಭವಾಗಲಿಲ್ಲ. ಅದು ಬಣ್ಣವನ್ನು ಕಡಿಮೆ ಹಿಡಿಯುತ್ತದೆ, ದೇವಿಯ ಸೀರೆಯಂಚಿನ ಉದ್ದ ಗೆರೆ ನಡುವೆಯೇ ಒಣಗಿ ಕಡಿಯುತ್ತಿತ್ತು. ಬಣ್ಣಕ್ಕೆ ತುಸು ನೀರು ಹೆಚ್ಚಿಸಿ, ಗೆರೆಯನ್ನು ಮಡಿಕೆಯ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಅದ್ದಿಕೊಳ್ಳುವುದನ್ನು ಮೇಷ್ಟ್ರು ಕಲಿಸಿದರು. ಹುಡುಗರ ಕೈ ಕೂರಲು ಎರಡು ತಿಂಗಳು ಹಿಡಿಯಿತು.

ಈಗ ಹೊಸ ಪೊಟ್ಟಣ ಬಂದರೆ ಕುಂಚಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಪಟ್ಟೆ ಇದೆಯೇ ನೋಡುತ್ತೇನೆ. ಅನುಮಾನ ಬಂದರೆ ಒಂದೇ ಒಂದು ಎಳೆ ಕಿತ್ತು ಸುಡುತ್ತೇನೆ. ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೂದಲಾದರೆ ಪುಡಿಬೂದಿಯಾಗುತ್ತದೆ, ವಾಸನೆ ಇಡೀ ಕೋಣೆಗೆ ಹರಡುತ್ತದೆ.