ಡಿಸ್ನಿಸೀ ಬಂಡೆ ತಟ್ಟಿ ನೋಡಿದ ಕುಷ್ಟಗಿ ದೋಸ್ತ

ಕೊಪ್ಪಳ ಕಡೆಯವರಿಗೆ ಬಂಡೆ ತೋರಿಸಿ ಬಾಯಿ ಬಿಡಿಸೋದು ಸುಲಭ ಅಲ್ಲ. ಜಪಾನಿನ ಟೋಕಿಯೋ ಡಿಸ್ನಿಸೀ ಅನ್ನೋ ಮನರಂಜನಾ ಪಾರ್ಕ್ ಆ ಕೆಲಸ ಮಾಡಿಬಿಟ್ಟಿತು. ಆಫೀಸ್ ಕೆಲಸದ ಮೇಲೆ ಜಪಾನಿಗೆ ಬಂದಿದ್ದ ನನ್ನ ಕುಷ್ಟಗಿ ದೋಸ್ತನಿಗೆ ನಡುವೆ ಒಂದು ರಜೆ ಸಿಕ್ಕಿತ್ತು. ಅವರಪ್ಪ ಗ್ರಾನೈಟ್ ಕ್ವಾರಿಯಲ್ಲಿ ದುಡಿದವರು, ಹಾಗಾಗಿ ಇವನಿಗೂ ಕಲ್ಲು ಕಂಡರೆ ಕೈ ಸುಮ್ನೆ ಇರಲ್ಲ.

ಹೆಸರು ಟೋಕಿಯೋ ಅಂತಿದ್ದರೂ ಪಾರ್ಕ್ ಇರೋದು ಪಕ್ಕದ ಚಿಬಾ ಪ್ರಾಂತ್ಯದ ಉರಾಯಾಸು ಊರಲ್ಲಿ. ಟೋಕಿಯೋ ಸ್ಟೇಷನ್ನಿನಿಂದ ಕೇಯೋ ಲೈನ್ ರೈಲು ಹತ್ತಿದರೆ ಕಾಲು ಗಂಟೆಗೆ ಮೈಹಾಮಾ ಬರುತ್ತದೆ. ಆದರೆ ಆ ಪ್ಲಾಟ್‌ಫಾರ್ಮ್ ತಲುಪಲು ಸ್ಟೇಷನ್ ಒಳಗೇ ನಡೆದು ನಡೆದು ಸಾಕಾಗುತ್ತದೆ. ಮೈಹಾಮಾದಿಂದ ಮೊನೊರೈಲು, ಅದರ ಕಿಟಕಿ, ಕೈಹಿಡಿಕೆ ಎಲ್ಲಾ ಮಿಕ್ಕಿ ಮೌಸ್ ತಲೆಯ ಆಕಾರ. ಅದಕ್ಕೆ ಬೇರೆ ಟಿಕೆಟ್. ಪಾರ್ಕಿನ ಟಿಕೆಟ್ ದೊಡ್ಡವರಿಗೆ ದಿನ ನೋಡಿಕೊಂಡು 7,900ರಿಂದ 10,900 ಯೆನ್.

ಬುತ್ತಿ ಒಳಗೆ ಬಿಡಲ್ಲ. ಗೇಟಿನ ಹೊರಗೆ ಕೂತು ತಿನ್ನಲು ಒಂದು ಜಾಗ ಮಾಡಿದ್ದಾರೆ, ಅಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿದೆವು. ರೊಟ್ಟಿ ಮುರಿಯೋ ಸದ್ದಿಗೆ ಪಕ್ಕದ ಜಪಾನಿ ಅಜ್ಜಿ ತಿರುಗಿ ನೋಡಿದರು. ಒಂದು ಚೂರು ಕೊಟ್ಟೆವು. ಚಟ್ನಿ ಇಲ್ಲದೆ ಕೊಟ್ಟಿದ್ದು ಒಳ್ಳೇದೇ ಆಯ್ತು.

ಒಳಗೆ ಹೋದರೆ ಮೊದಲು ಇಟಲಿ ಬಂದರಿನ ಹಾಗೆ ಕಟ್ಟಿದ ಊರು. ಗೋಡೆಯ ಮೇಲಿನ ಕೆಲವು ಕಿಟಕಿ ಕಿಟಕಿಯೇ ಅಲ್ಲ, ಬರೀ ಬಣ್ಣ, ಹತ್ತಿರ ಹೋಗುವ ತನಕ ಗೊತ್ತೇ ಆಗಲ್ಲ. ನೀರಿನ ಆಚೆ ಪ್ರೊಮಿಥಿಯಸ್ ಅನ್ನೋ ಜ್ವಾಲಾಮುಖಿ ಬೆಟ್ಟ. ಆಗಾಗ ಗುಡುಗಿ ಬೆಂಕಿ ಉಗುಳುತ್ತದೆ. ಎಲ್ಲರೂ ಸವಾರಿಗಳ ಕಡೆ ಓಡುತ್ತಿದ್ದರೆ ನಮ್ಮ ದೋಸ್ತ ಸೀದಾ ಬೆಟ್ಟದ ಬುಡಕ್ಕೆ ಹೋಗಿ ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ತಟ್ಟಿದ. 'ಲೇ, ಟೊಳ್ಳ ಐತಲೇ ಇದು!'

ಟೊಳ್ಳೇ ಇರಬೇಕಲ್ವಾ. ಇಂಥ ಬಂಡೆಗೆ ಒಳಗೆ ಕಬ್ಬಿಣದ ಚೌಕಟ್ಟು ಕಟ್ಟಿ, ಮೇಲೆ ಸಿಮೆಂಟ್ ಗಾರೆ ಹೊಡೆದು, ಅದು ಹಸಿ ಇರುವಾಗಲೇ ಕೆತ್ತಿ, ಆಮೇಲೆ ಬಣ್ಣ ಕೊಡುತ್ತಾರೆ. ಆದರೆ ಕೆಲಸ ನೋಡಬೇಕು! ಒಂದು ಬಿರುಕಿನ ಕೆಳಗೆ ಮಳೆನೀರು ಹರಿದು ಆದ ಕಪ್ಪು ಗೆರೆ, ಅದರ ಅಂಚಿಗೆ ತುಕ್ಕಿನ ಕೆಂಪು, ನೆರಳಿರುವ ಕಡೆ ಮಾತ್ರ ಪಾಚಿ ಹಸಿರು. ನೀರು ಎಲ್ಲಿಂದ ಇಳಿಯುತ್ತೆ ಅಂತ ಯೋಚಿಸಿ ಬಳಿದ ಬಣ್ಣ ಅದು. ದೋಸ್ತ ಫೋನಿನಲ್ಲಿ ಬರೀ ಬಂಡೆಯ ಫೋಟೋಗಳನ್ನೇ ತುಂಬಿಕೊಂಡ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಈ ಪಾರ್ಕ್ ಶುರುವಾಗಿದ್ದು 2001ರಲ್ಲಿ. ದಿನಾ ಸಾವಿರಾರು ಜನ ಮುಟ್ಟಿಕೊಂಡು ಓಡಾಡುವ ಸಿಮೆಂಟ್ ಬಂಡೆಯ ಮೇಲೆ ನಾವು ನೋಡಿದ ಕಡೆಯೆಲ್ಲಾ ಒಂದು ಗೀರು ಇರಲಿಲ್ಲ. ನಮ್ಮ ಆನೆಗೊಂದಿ, ಹಂಪಿ ಕಡೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಅವುಗಳ ಮೇಲೆ ಬಾಣ ಚುಚ್ಚಿದ ಹೃದಯ ಬರೆದು ಯಾರದೋ ಹೆಸರು!

ಬೆಟ್ಟದ ಹೊಟ್ಟೆಯೊಳಗೆ ಒಂದು ಸವಾರಿ ಇದೆ, ಬಿಡಬೇಡಿ. ಮಿನುಗುವ ಹರಳು, ಅಣಬೆಗಳ ನಡುವೆ ನಿಧಾನಕ್ಕೆ ಕರೆದುಕೊಂಡು ಹೋಗಿ, ಕೊನೆಗೆ ಬೆಟ್ಟದ ಮಗ್ಗುಲಿಂದ ಹೊರಗೆ ಎಸೆದು ಕೆಳಗೆ ಬೀಳಿಸುತ್ತದೆ. ಹೊಟ್ಟೆ ಬಾಯಿಗೆ ಬಂತು. ಸಾಲು ಮಾತ್ರ ಭಾಳ ಉದ್ದ. ಹೆಚ್ಚಿಗೆ ದುಡ್ಡು ಕೊಟ್ಟು ಆ್ಯಪಿನಲ್ಲಿ ಪ್ರೀಮಿಯರ್ ಆಕ್ಸೆಸ್ ತಗೊಂಡರೆ ಬೇಗ ಬಿಡುತ್ತಾರೆ, ದೇವಸ್ಥಾನದ ವಿಶೇಷ ದರ್ಶನ ಇದ್ದಂಗೆ. ನಾವು ಧರ್ಮದರ್ಶನದ ಸಾಲಲ್ಲೇ ನಿಂತೆವು. ಪಾರ್ಕಿನ ಅರೇಬಿಯನ್ ಕೋಸ್ಟ್ ಅನ್ನೋ ಭಾಗದಲ್ಲಿ ಕರಿ ಮತ್ತು ನಾನ್ ಸಿಗುತ್ತದೆ, ನಮ್ಮ ನಾಲಿಗೆಗೆ ಸಿಹಿ ಜಾಸ್ತಿ.

ಇಷ್ಟೆಲ್ಲಾ ನಿಂತಿರೋದು ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಉರಾಯಾಸುವಿನ ಎಷ್ಟೋ ಕಡೆ ನೆಲ ಕೆಸರಾಗಿ ಉಕ್ಕಿತು, ಇಲ್ಲಿನ ಪಾರ್ಕಿಂಗ್ ಜಾಗವೂ ಹಾಳಾಯಿತು. ಪಾರ್ಕಿನ ಅಡಿಯ ನೆಲವನ್ನು ಮೊದಲೇ ಮರಳಿನ ಕಂಬ ಇಳಿಸಿ ಗಟ್ಟಿ ಮಾಡಿದ್ದರಿಂದ ಅದು ಬಚಾವ್. ಅವತ್ತು ಒಳಗಿದ್ದ ಜನರಿಗೆ ತಲೆ ಮುಚ್ಚಿಕೊಳ್ಳಲು ಸಿಬ್ಬಂದಿ ಅಂಗಡಿಯ ಗೊಂಬೆಗಳನ್ನೇ ಹಂಚಿದ್ದರು. ಡಿಸ್ನಿಸೀ ಮತ್ತೆ ಬಾಗಿಲು ತೆಗೆದದ್ದು ಏಪ್ರಿಲ್ 28ಕ್ಕೆ.

ಮಧ್ಯಾಹ್ನ ದೋಸ್ತ ಅವರಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ಬೆಟ್ಟ ತೋರಿಸಿದ. ಕಾಕಾ ಬೆಂಕಿ, ಹೊಗೆ ಯಾವುದನ್ನೂ ಕೇಳಲಿಲ್ಲ. 'ಒಳಗ ಕಬ್ಬಿಣ ಅಂತಿ, ಬಾಜೂಕ ಸಮುದ್ರ ಅಂತಿ. ತುಕ್ಕು ಹಿಡಿಯಂಗಿಲ್ಲೇನು?' ನಮ್ಮಿಬ್ಬರಿಗೂ ಉತ್ತರ ಗೊತ್ತಿಲ್ಲ. ಅಲ್ಲೇ ಕಸ ಗುಡಿಸುತ್ತಿದ್ದ ಹುಡುಗಿಗೆ ಫೋನಿನಲ್ಲಿ ಅನುವಾದ ಮಾಡಿ ಕೇಳಿದೆವು. ಅವಳು ಓದಿ, ಬಾಯಿ ಮುಚ್ಚಿ ನಕ್ಕು, ಇದು ನಿಜವಾದ ಜ್ವಾಲಾಮುಖಿ, ಹುಷಾರಾಗಿರಿ ಅಂತ ಗಂಭೀರವಾಗಿ ಟೈಪ್ ಮಾಡಿ ತೋರಿಸಿದಳು.

ಕಾಕಾಗೆ ಓದಿ ಹೇಳಿದೆವು. 'ಆ ಹುಡುಗಿ ನಿಮಗ ಸುಳ್ಳ ಹೇಳ್ಯಾಳ. ಇಂಜಿನಿಯರ್ ಯಾರಿದಾರ, ಕರೀರಿ' ಅಂದರು.