87ರ ಬುಲೆಟ್: ಕಾದ ಮೇಲೆ ಎಳೆಯುತ್ತಿಲ್ಲ, ಮೂರನೇ ವಾರ

ಎರಡು ವಾರ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಹಿಂದೆ ಬಿದ್ದಿದ್ದೆ. ರೋಗ ಅಲ್ಲಿರಲಿಲ್ಲ.

ಇದು ಅಪ್ಪ ಓಡಿಸುತ್ತಿದ್ದ 1987ರ ಬುಲೆಟ್ 350. ಬೆಳಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಬೆಳಗಾವಿ ಬಿಟ್ಟು ಕಾಕತಿ ದಾಟುವವರೆಗೂ ಚೆನ್ನಾಗಿ ಓಡುತ್ತದೆ, ಆದರೆ ಎಂಜಿನ್ ಕಾದು ವಂಟಮುರಿ ಘಾಟ್‌ನ ಏರು ಬಂತೆಂದರೆ ಮೂರನೇ ಗೇರಲ್ಲೂ ಎಳೆಯುವುದಿಲ್ಲ. ರೇಸ್ ಜಾಸ್ತಿ ಕೊಟ್ಟರೆ ಸೈಲೆನ್ಸರಿನಲ್ಲಿ ಫಟ್ ಫಟ್. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ.

ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬಿಚ್ಚಿ ಊದಿದೆ, ಪೆಟ್ರೋಲ್ ಕಾಕ್ ತೊಳೆದೆ, ವಾಲ್ವ್‌ನ ಟ್ಯಾಪೆಟ್ ಸಂದು ನೋಡಿದೆ (ಎಂಜಿನ್ ತಣ್ಣಗಿದ್ದಾಗ ವಾಲ್ವ್ ತೆರೆಸುವ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು). ಏನೂ ಬದಲಾಗಲಿಲ್ಲ. ಖಡೇ ಬಜಾರ್ ಕಡೆಯ ಹಳೇ ಮಿಸ್ತ್ರಿ ಮಾಮಾನ ಹತ್ತಿರ ಹೇಳಿದೆ. ಅವರು ಗಾಡಿ ಮುಟ್ಟಲೂ ಇಲ್ಲ. "ತಮ್ಮಾ, ಕಾದ ಮ್ಯಾಲೆ ಅಷ್ಟ ತ್ರಾಸ ಕೊಡ್ತೈತಿ ಅಂದ್ರ ಮೊದಲ ಕರೆಂಟ್ ನೋಡು. ಪೆಟ್ರೋಲ್ ಆಮ್ಯಾಲೆ" ಅಂದರು.

ಅದೇ ರಾತ್ರಿ ಒಂದು ಸುತ್ತು ಓಡಿಸಿ ಬಂದು, ಅಂಗಳದ ಲೈಟ್ ಆರಿಸಿ, ಪಾಯಿಂಟ್‌ನ (ಕಾಯಿಲ್‌ನ ಕರೆಂಟ್ ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಮುಚ್ಚಳ ತೆಗೆದು ಎಂಜಿನ್ ಚಾಲೂ ಇಟ್ಟೆ. ಪಾಯಿಂಟ್ ತೆರೆದಾಗಲೆಲ್ಲ ನಡುವೆ ದೊಡ್ಡ ಕಿಡಿ ಹಾರುತ್ತಿತ್ತು. ಬಿಚ್ಚಿ ನೋಡಿದರೆ ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಸಣ್ಣ ಗುಬುಟು, ಸುತ್ತ ಕಪ್ಪು. ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸತ್ತಿತ್ತು. ಅದು ಸರಿ ಇದ್ದರೆ ಪಾಯಿಂಟ್ ತೆರೆದ ಕೂಡಲೇ ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್‌ನಲ್ಲಿ ಕರೆಂಟ್ ತಟ್ಟನೆ ನಿಂತು ಪ್ಲಗ್‌ನಲ್ಲಿ ಜೋರು ಕಿಡಿ ಬರುತ್ತದೆ. ಕೆಟ್ಟರೆ ಆ ಶಕ್ತಿ ಪಾಯಿಂಟ್‌ನಲ್ಲೇ ಸುಟ್ಟು ಹೋಗುತ್ತದೆ, ಪ್ಲಗ್‌ಗೆ ಸಾಲುವುದಿಲ್ಲ. ಸಿಲಿಂಡರ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಹಬೆ ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಫಟ್ ಅನ್ನುವುದು ಅದೇ.

ಹೊಸ ಕಂಡೆನ್ಸರ್, ಹೊಸ ಪಾಯಿಂಟ್ ಹಾಕಿದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಪಾಯಿಂಟ್ ಗ್ಯಾಪ್ 0.38 ಮಿ.ಮೀ. ಮಾಡಿದೆ, 0.35ರಿಂದ 0.40ರ ಒಳಗೆ ಇದ್ದರೆ ಸಾಕು. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಸರಿಯುತ್ತದೆ, ಹಾಗಾಗಿ ಟೈಮಿಂಗ್ ಮತ್ತೆ ಕಟ್ಟಿದೆ. ಇದನ್ನು ಬಿಟ್ಟವರು ಸುಮ್ನೆ ಹೊಸ ತೊಂದರೆ ತಂದುಕೊಳ್ಳುತ್ತಾರೆ.

ಫಟ್ ಫಟ್ ಪೂರ್ತಿ ನಿಂತಿತು. ಆದರೆ ವೇಗದಲ್ಲಿ ಎಳೆತ ಇನ್ನೂ ಕಡಿಮೆ ಅನ್ನಿಸಿತು. ಪಾಯಿಂಟ್ ಪ್ಲೇಟ್ ಎತ್ತಿದರೆ ಕೆಳಗೆ ಅಡ್ವಾನ್ಸ್‌ನ ಎರಡು ತೂಕಗಳು ಒಣಗಿದ ಗ್ರೀಸ್‌ನಲ್ಲಿ ಅಂಟಿ ಕೂತಿದ್ದವು. ಎಂಜಿನ್ ವೇಗ ಏರಿದಂತೆ ಅವು ಹೊರಗೆ ಸರಿದು ಕಿಡಿಯನ್ನು ಮುಂಚೆ ತರಬೇಕು, ಅಲ್ವಾ? ಅಲುಗುತ್ತಲೇ ಇರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಪಿನ್ನಿಗೆ ಒಂದೊಂದು ಹನಿ ಎಣ್ಣೆ ಬಿಟ್ಟೆ. ಈಗ ಬೆರಳಲ್ಲಿ ತಿರುಗಿಸಿ ಬಿಟ್ಟರೆ ಟಕ್ ಅಂತ ವಾಪಸ್ ಬರುತ್ತದೆ.

ಭಾನುವಾರ ಮಧ್ಯಾಹ್ನದ ಬಿಸಿಲಲ್ಲೇ, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಘಾಟ್ ಏರಿಸಿದೆ. ಮೂರರಲ್ಲಿ ಆರಾಮಾಗಿ ಬಂತು. ಮೇಲೆ ಬಂದ ಮೇಲೆ ಅಪ್ಪ "ನಿಲ್ಸು, ಇನ್ನ ನಾ ಹೊಡೀತೀನಿ" ಅಂದರು.