ಹಾಡು ಕೇಳಲು ಎರಡು ರಾತ್ರಿ: ಮೈಸೂರಿನ ರಂಗಾಯಣ, ಪಾಂಡವಪುರದ ಕುರುಕ್ಷೇತ್ರ

ಮೈಸೂರಿಗೆ ನಾಟಕ ನೋಡಲೆಂದೇ ಹೋಗುವವರು ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಬೇಕು. ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ಯಾವ ದಿನ ಬೇಕಾದರೂ ನೋಡಬಹುದು. ಸರ್ಕಾರಿ ರಂಗಸಂಸ್ಥೆಯಾದ ರಂಗಾಯಣದಲ್ಲಿ ನಾಟಕ ಸಿಗುವುದು ಹೆಚ್ಚಾಗಿ ವಾರಾಂತ್ಯದ ಸಂಜೆ. ಕಳೆದ ಮಾರ್ಚ್‌ನಲ್ಲಿ ನಾನೂ ಅಮ್ಮನೂ ಹಾಸನದಿಂದ ಹೊರಟು, ಭಾನುವಾರ ರಾತ್ರಿ ಮೈಸೂರಿನಲ್ಲಿ ಒಂದು, ಸೋಮವಾರ ರಾತ್ರಿ ಪಾಂಡವಪುರದ ಬಳಿಯ ಹಳ್ಳಿಯಲ್ಲಿ ಒಂದು ನಾಟಕ ನೋಡಿ ಬಂದೆವು. ಎರಡೂ ಹಾಡಿನ ನಾಟಕಗಳು. ಎರಡೂ ನಾನು ಅಂದುಕೊಂಡು ಹೋದಂತೆ ಇರಲಿಲ್ಲ. ಇದೇ ದಾರಿಯಲ್ಲಿ ಹೋಗಬೇಕೆನ್ನುವವರಿಗೆ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ.

ನಾಟಕದಲ್ಲಿ ಹಾಡು ಬಂದರೆ ನನಗೆ ಬೇಸರವಾಗುತ್ತಿತ್ತು. ಮಾತು ಬಿಸಿಯೇರುವ ಹೊತ್ತಿಗೆ ಯಾರೋ ರಾಗ ಎತ್ತಿಕೊಂಡರೆ ಕಥೆಯ ಕಾವು ಆರಿಹೋಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಅಮ್ಮನದು ಇದಕ್ಕೆ ವಿರುದ್ಧ. ಅವರಿಗೆ ಹಾಡಿಲ್ಲದ ನಾಟಕ ಒಗ್ಗರಣೆಯಿಲ್ಲದ ಸಾರು. ಈ ಪ್ರವಾಸ ಹೂಡಿದ್ದೂ ಅವರೇ.

ಹಾಸನದಿಂದ ಮೈಸೂರಿಗೆ ರೈಲೂ ಇದೆ, ಬಸ್ಸೂ ಇದೆ. ವಯಸ್ಸಾದವರು ಜೊತೆಗಿದ್ದರೆ ರೈಲೇ ವಾಸಿ. ಮೈಸೂರಿನ ರೈಲು ನಿಲ್ದಾಣದಿಂದ ಕಲಾಮಂದಿರ ದೂರವಿಲ್ಲ, ಬಿಸಿಲಿಲ್ಲದಿದ್ದರೆ ನಡೆದೇ ಹೋಗಬಹುದು. ಹುಣಸೂರು ರಸ್ತೆಯ ಆ ಆವರಣದೊಳಗೆ ದೊಡ್ಡ ಕಲಾಮಂದಿರವಲ್ಲದೆ ಕಿರುರಂಗಮಂದಿರ, ಬಯಲಿನ ವನರಂಗ, ರಂಗಾಯಣದ ಭೂಮಿಗೀತ ಎಲ್ಲವೂ ಇವೆ. ಆಟೋ ಚಾಲಕರಿಗೆ ಭೂಮಿಗೀತ ಎಂದರೆ ಗೊತ್ತಾಗದೇ ಇರಬಹುದು, ಕಲಾಮಂದಿರ ಎಂದರೆ ಎಲ್ಲರಿಗೂ ಗೊತ್ತು. ಟಿಕೆಟ್ಟಿಗೆ ನಾವು ಕೊಟ್ಟದ್ದು ತಲಾ ನೂರು ರೂಪಾಯಿ. ಭೂಮಿಗೀತ ಚಿಕ್ಕ ರಂಗಮಂದಿರ. ಅರ್ಧ ಗಂಟೆ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲಿ, ಒಳಗೆ ಹೋದ ಕೂಡಲೇ ಹಿಮ್ಮೇಳ ಯಾವ ಕಡೆ ಕುಳಿತಿದೆ ಎಂದು ನೋಡಿ ಆ ಬದಿಗೇ ಕುಳಿತುಕೊಳ್ಳಿ. ನಡುವಿನ ಕುರ್ಚಿಯ ಆಸೆ ಬೇಡ. ಇದು ನಾನು ಕೊಡಬಹುದಾದ ಅತಿ ಮುಖ್ಯ ಸಲಹೆ.

ಅಂದು ಹೊರ ಊರಿನ ತಂಡವೊಂದು ಜಡಭರತರ ‘ಸತ್ತವರ ನೆರಳು’ ಆಡಿತು. ಧಾರವಾಡದ ಜಿ.ಬಿ. ಜೋಶಿಯವರು ಜಡಭರತ ಎಂಬ ಕಾವ್ಯನಾಮದಲ್ಲಿ ಬರೆದ ಈ ನಾಟಕಕ್ಕೆ ನಿರ್ದೇಶಕ ಬಿ.ವಿ. ಕಾರಂತರು ದಾಸರ ಪದಗಳನ್ನು ಹೆಣೆದು ರಂಗಕ್ಕೆ ತಂದದ್ದು ಕನ್ನಡ ರಂಗಭೂಮಿಯಲ್ಲಿ ದೊಡ್ಡ ಹೆಸರು ಮಾಡಿದ ಸಂಗತಿ. ಅಷ್ಟು ಮಾತ್ರ ನನಗೆ ತಿಳಿದಿತ್ತು. ಪುರಂದರದಾಸರ ಪದಗಳಿವೆ ಎಂದು ಕೇಳಿಯೇ ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಂದು ಭಜನೆಯ ಸಂಜೆ ಕಾದಿದೆ, ಎರಡು ಗಂಟೆ ಹೇಗೋ ತಾಳಿಕೊಳ್ಳಬೇಕು ಎಂದುಕೊಂಡು ನಾನು ಕುಳಿತೆ.

ಅಲ್ಲಿ ನಡೆದದ್ದು ಬೇರೆ. ಕಥೆ ಮಠದ್ದು, ಪೀಠದ್ದು, ಸತ್ತ ಮೇಲೂ ಹಿಡಿತ ಬಿಡದವರದ್ದು. ನಾವು ಮನೆಯಲ್ಲಿ ದೇವರ ಮುಂದೆ ಕೈಮುಗಿದು ಹೇಳುವ ಪದಗಳು ಅಲ್ಲಿ ಮಠದ ಡಾಂಭಿಕತನದ ಎದುರು ನಿಂತು ಲೆಕ್ಕ ಕೇಳುತ್ತವೆ. ಒಂದಕ್ಷರವನ್ನೂ ಬದಲಿಸಿಲ್ಲ. ಯಾರ ಮುಂದೆ, ಯಾವ ಗಳಿಗೆಯಲ್ಲಿ ಹಾಡುತ್ತಾರೆ ಎನ್ನುವುದಷ್ಟೇ ಬದಲಾಗಿದೆ. ದಾಸರು ಆ ಸಾಲುಗಳನ್ನು ಬರೆದದ್ದೇ ಹೀಗೆ ಕೇಳಲಿಕ್ಕೆ ಇರಬೇಕು ಎನ್ನಿಸಿತು. ಮೊದಲ ಪದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಮ್ಮನ ಕೈ ಮೂರನೆಯ ಪದದ ಹೊತ್ತಿಗೆ ನಿಂತಿತ್ತು. ಕಣ್ಣು ಮಾತ್ರ ರಂಗದ ಮೇಲೆ.

ಹಿಮ್ಮೇಳದ ಬದಿಗೆ ಕುಳಿತದ್ದರಿಂದ ಹಾರ್ಮೋನಿಯಂ ನುಡಿಸುವವರ ಬೆರಳುಗಳು ನನಗೆ ಹತ್ತಿರದಿಂದ ಕಾಣುತ್ತಿದ್ದವು. ನಟ ಮಾತಾಡುತ್ತಿರುವಾಗಲೇ ಅವರು ಒಂದೇ ಒಂದು ಸ್ವರವನ್ನು ಒತ್ತಿ ಹಿಡಿದಿದ್ದರು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ನಟನ ಮಾತು ಏರುತ್ತಾ ಏರುತ್ತಾ ಬಂದು ಆ ಸ್ವರಕ್ಕೆ ತಾಗಿದ ಕ್ಷಣ ಮಾತು ಹಾಡಾಯಿತು. ಎಲ್ಲಿ ಮಾತು ಮುಗಿಯಿತು, ಎಲ್ಲಿ ಹಾಡು ಹುಟ್ಟಿತು ಎಂದು ಗೆರೆ ಎಳೆಯಲಾರೆ. ಕಾವು ಆರಲಿಲ್ಲ. ಮಾತಿಗೆ ನಿಲುಕದ ಎತ್ತರಕ್ಕೆ ಅದನ್ನು ಹಾಡು ಕೊಂಡೊಯ್ದಿತು.

ರಂಗಾಯಣ 1989ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರಾದವರು ಕಾರಂತರೇ. ಅಲ್ಲಿ ಹಾಡನ್ನು ಹೀಗೆ ಕಥೆಯ ಬೆನ್ನೆಲುಬಾಗಿಸುವ ರೂಢಿ ಮುಂದೆಯೂ ಉಳಿಯಿತು. 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದೇ ಆವರಣದಲ್ಲಿ ಇಡೀ ರಾತ್ರಿ ಆಡಿದರು, ಸುಮಾರು ಒಂಬತ್ತು ಗಂಟೆಯ ನಾಟಕ. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಸಿನಿಮಾ ಸಂಗೀತದವರು ಕುವೆಂಪು ಕಾದಂಬರಿಗೆ ಏನು ಮಾಡಿಯಾರು ಎಂದು ನಾನು ಆಗ ಹೋಗಲೇ ಇಲ್ಲ. ಜೋಗಿಗಳು ಹಾಡುತ್ತಾ ಕಥೆ ಹೇಳುವ, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುವ ಆ ನಾಟಕ ಕೈತಪ್ಪಿದ್ದಕ್ಕೆ ಇಂದಿಗೂ ನೊಂದುಕೊಳ್ಳುತ್ತೇನೆ. ಅಂಥದ್ದು ಮತ್ತೆ ಬಂದರೆ ಹಿಂದೆಮುಂದೆ ನೋಡದೆ ಹೋಗಿ. ಹೆಚ್ಚು ನಾಟಕಗಳನ್ನು ಒಟ್ಟಿಗೆ ನೋಡಬೇಕೆಂದಿದ್ದರೆ ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವದ ಹೊತ್ತು ಒಳ್ಳೆಯದು, ಆದರೆ ಅದರ ತಾರೀಖನ್ನು ಆಯಾ ವರ್ಷ ವಿಚಾರಿಸಿಕೊಂಡೇ ಹೊರಡಿ.

ಒಂದು ಎಚ್ಚರಿಕೆ. ನಾಟಕ ಮುಗಿದು, ಊಟ ಮಾಡಿ, ನಾವು ಲಾಡ್ಜಿಗೆ ಬಂದಾಗ ಹನ್ನೊಂದು ದಾಟಿತ್ತು. ಗೇಟಿಗೆ ಬೀಗ. ಕಾವಲಿನವರು ಎದ್ದು ಬರುವವರೆಗೆ ಅಮ್ಮ ಇಪ್ಪತ್ತು ನಿಮಿಷ ಬೀದಿಯಲ್ಲಿ ನಿಂತರು. ಕೊಠಡಿ ಹಿಡಿಯುವಾಗಲೇ ತಡವಾಗಿ ಬರುತ್ತೇವೆಂದು ತಿಳಿಸಿ, ಫೋನ್ ನಂಬರ್ ಬರೆದುಕೊಳ್ಳಿ.

ಸೋಮವಾರ ಬೆಳಿಗ್ಗೆ ಅವಸರ ಬೇಡ, ಮುಂದಿನ ರಾತ್ರಿ ನಿದ್ದೆಯಿಲ್ಲ. ಮಧ್ಯಾಹ್ನದವರೆಗೆ ಮಲಗಿ. ಸಮಯವಿದ್ದರೆ ಪುರಭವನವನ್ನು ಹೊರಗಿನಿಂದಾದರೂ ನೋಡಿ. ದಿವಾನ್ ರಂಗಾಚಾರ್ಲು ಅವರ ನೆನಪಿನ ಈ ಕಟ್ಟಡ 1884ರದ್ದು. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಮುಂದೆ ಗುಬ್ಬಿ ವೀರಣ್ಣನವರ ಕಂಪನಿ ಎಂದು ನಾಡಿಗೆಲ್ಲ ಹೆಸರಾದದ್ದು ಅದೇ. ಈ ಕಂಪನಿಯ ಮಾತನ್ನು ಮುಂದೆ ಮತ್ತೆ ಎತ್ತುತ್ತೇನೆ.

ಮೈಸೂರಿನಿಂದ ಶ್ರೀರಂಗಪಟ್ಟಣ ದಾಟಿ ಪಾಂಡವಪುರಕ್ಕೆ ಬಸ್ಸುಗಳಿವೆ. ಅಲ್ಲಿಂದ ಹಳ್ಳಿಗೆ ಆಟೋ. ನಾಲೆಯ ನೀರು, ಎರಡೂ ಕಡೆ ಕಬ್ಬು. ನಾವು ಹೋದದ್ದು ನನ್ನ ಸೋದರಮಾವನ ಊರಿಗೆ. ಗ್ರಾಮದೇವತೆಯ ಹಬ್ಬಕ್ಕೆ ‘ಕುರುಕ್ಷೇತ್ರ’ ಕಟ್ಟಿದ್ದರು, ಮಾವನದು ದುರ್ಯೋಧನನ ಪಾತ್ರ. ಮಂಡ್ಯ ಸೀಮೆಯಲ್ಲಿ ನೆಂಟರಿಲ್ಲದವರೂ ಇಂಥ ನಾಟಕಕ್ಕೆ ಹೋಗಬಹುದು. ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಹಬ್ಬಗಳ ಕಾಲದಲ್ಲಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ ಪಾತ್ರಧಾರಿಗಳ ಫೋಟೋ ಹಾಕಿದ ಪೋಸ್ಟರುಗಳು ಕಾಣುತ್ತವೆ. ಟಿಕೆಟ್ಟಿಲ್ಲ, ಆಹ್ವಾನ ಬೇಕಿಲ್ಲ, ಹೊರಗಿನವರು ಬಂದರೆ ಮುಂದೆ ಕರೆದು ಕೂರಿಸುತ್ತಾರೆ. ನೀವೇ ಒಂದು ಚಾಪೆ, ದಪ್ಪ ಹೊದಿಕೆ ಒಯ್ಯಿರಿ. ಮಾರ್ಚ್‌ನಲ್ಲೂ ನಾಲೆಯ ಬಯಲಿನಲ್ಲಿ ಬೆಳಗಿನ ಜಾವ ಮೈ ನಡುಗುತ್ತದೆ. ಧ್ವನಿವರ್ಧಕದ ಕೆಳಗೆ ಮಾತ್ರ ಕೂರಬೇಡಿ, ಇಲ್ಲಿಯೂ ಹಾರ್ಮೋನಿಯಂ ಇರುವ ಮೂಲೆಯೇ ಸರಿ.

ಈ ನಾಟಕಗಳಲ್ಲಿ ಪಾತ್ರ ಮಾಡುವವರಿಗೆ ಸಂಬಳವಿಲ್ಲ, ಅವರೇ ದುಡ್ಡು ಹಾಕಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಆ ಹಣದಲ್ಲಿ ನಾಟಕದ ಮೇಷ್ಟ್ರಿಗೆ, ಪರದೆ, ವೇಷಭೂಷಣ ಒದಗಿಸುವ ಡ್ರಾಮಾ ಸೀನರಿಯವರಿಗೆ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಕೊಡಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು. ಮೇಷ್ಟ್ರು ಕಾಲು ಹಾರ್ಮೋನಿಯಂ ತುಳಿಯುತ್ತಾ ಒಬ್ಬೊಬ್ಬರಿಗೂ ಕಂದಪದ್ಯ ಕಲಿಸುತ್ತಾರೆ. ಇದೆಲ್ಲ ನನಗೆ ಮೊದಲೇ ತಿಳಿದಿತ್ತು. ತಿಳಿದಿದ್ದಕ್ಕೇ, ಕೂಗಾಟ, ಅಬ್ಬರ, ಗದೆ ತಿರುಗಿಸುವುದು ಇಷ್ಟೇ ಇರುತ್ತದೆ, ಹಾಡಂತೂ ಯಾರಿಗೂ ಬೇಕಿಲ್ಲ ಎಂದುಕೊಂಡಿದ್ದೆ.

ಮನೆಯಲ್ಲಿ ಮುದ್ದೆ, ಬಸ್ಸಾರು ಉಂಡೆವು. ಮಾವ ಬಣ್ಣ ಹಚ್ಚಿಸಿಕೊಳ್ಳಲು ಹೊರಟಾಗ ಅಮ್ಮನಿಗೆ ಹೇಳಿದರು: “ಮಲಗಿಬಿಡಬೇಡವ್ವ. ನನ್ನದು ಇರುವುದೇ ಬೆಳಗಿನ ಜಾವಕ್ಕೆ.”

“ನೀನು ಹಾಡುವವರೆಗೂ ರೆಪ್ಪೆ ಮುಚ್ಚುವುದಿಲ್ಲ, ಹೋಗಣ್ಣ” ಎಂದರು ಅಮ್ಮ.

ಮೊದಲ ಎರಡು ಗಂಟೆ ನನ್ನ ನಿರೀಕ್ಷೆಯಂತೆಯೇ ಇತ್ತು. ಪ್ರಾರ್ಥನೆ, ಹಾರ, ಸನ್ಮಾನ, ನಡುನಡುವೆ ಬಹುಮಾನದ ಘೋಷಣೆ. ಕೃಷ್ಣ ಸಂಧಾನಕ್ಕೆ ಬಂದ ಮೇಲೆ ಸಭೆ ಸುಮ್ಮನಾಯಿತು. ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಮುದುಕರೊಬ್ಬರ ತುಟಿಗಳು ಅಲುಗುತ್ತಿದ್ದವು. ಪ್ರತಿ ಪದ್ಯವನ್ನೂ ಅವರು ನಟನಿಗಿಂತ ಒಂದು ಸಾಲು ಮುಂದಾಗಿ ಹೇಳಿಕೊಳ್ಳುತ್ತಿದ್ದರು. ಒಂದೆಡೆ ಅರ್ಜುನ ಸಾಲು ಮರೆತ. ಮೇಷ್ಟ್ರು ಎಡಗೈ ಮೇಲೆತ್ತಿ, ಆ ಸಾಲಿನ ಸ್ವರಗಳನ್ನು ಬಲಗೈಯಿಂದ ನುಡಿಸಿದರು. ಮುದುಕರೂ, ಅವರ ಹಿಂದಿನ ಐದಾರು ಜನರೂ ಸಾಲನ್ನು ಎತ್ತಿ ಕೊಟ್ಟರು. ಅರ್ಜುನ ಹಿಡಿದುಕೊಂಡು ಮುಂದೆ ಹಾಡಿದ. ಯಾರೂ ನಗಲಿಲ್ಲ. ಹಾಡು ಬೇಕಿಲ್ಲ ಎಂದು ನಾನು ಅಂದುಕೊಂಡಿದ್ದ ಊರು ಇದು!

ಮಾವ ಮತ್ತೆ ಬಂದದ್ದು ನಾಲ್ಕು ಗಂಟೆಯ ಸುಮಾರಿಗೆ. ಸಂಧಾನದ ಸಭೆಯಲ್ಲಿ ಗುಡುಗಿದ್ದ ದುರ್ಯೋಧನನೇ ಅಲ್ಲ. ತಮ್ಮಂದಿರೂ ಕರ್ಣನೂ ಹೋದ ಮೇಲೆ ರಣರಂಗದಲ್ಲಿ ಒಬ್ಬನೇ ನಡೆಯುವ ದೃಶ್ಯ. ರಾತ್ರಿಯಿಡೀ ಕೂಗಿ ಅವರ ಗಂಟಲು ಕಟ್ಟಿತ್ತು. ಮೇಷ್ಟ್ರು ಅದನ್ನು ಕೇಳಿಸಿಕೊಂಡೇ ಶ್ರುತಿ ಇಳಿಸಿದರು, ತಬಲ ನಿಂತಿತು. ಆ ಒಡೆದ ದನಿಯಲ್ಲಿ ಮಾವ ಕರ್ಣನನ್ನು ಕರೆದು ಹಾಡಿದರು. ಹತ್ತು ಶತಮಾನಗಳ ಹಿಂದೆ ರನ್ನ ತನ್ನ ಗದಾಯುದ್ಧದಲ್ಲಿ ಇದೇ ದುಃಖವನ್ನು ಈ ಛಲದಂಕಮಲ್ಲನಿಗೆ ಕೊಟ್ಟಿದ್ದ. ಪಠ್ಯದಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆದರೆ ಅದು ಎದೆಗೆ ಇಳಿದದ್ದು ಅಂದು, ಕಬ್ಬು ಬೆಳೆಯುವ ನನ್ನ ಮಾವನ ಗಂಟಲಿನಿಂದ.

ನನಗೆ ಅಲ್ಲೇ ಹೊಳೆಯಿತು: ನಿನ್ನೆ ಭೂಮಿಗೀತದಲ್ಲಿ ಹಿಡಿದಿಟ್ಟ ಆ ಒಂದು ಸ್ವರಕ್ಕೂ, ಇಲ್ಲಿ ಶ್ರುತಿ ಇಳಿಸಿದ ಮೇಷ್ಟ್ರ ಕೈಗೂ ತವರು ಒಂದೇ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನು. ಆನೆ ಕುದುರೆಗಳನ್ನು ರಂಗಕ್ಕೆ ತಂದು ಕುರುಕ್ಷೇತ್ರ ಆಡಿದ್ದೂ ಅದೇ ಕಂಪನಿ. ಕಂಪನಿ ನಾಟಕದ ಹಾಡು ಒಂದು ಕವಲಾಗಿ ಹಳ್ಳಿಯ ಹಬ್ಬಕ್ಕೆ ಇಳಿಯಿತು, ಇನ್ನೊಂದು ಕವಲಾಗಿ ಕಾರಂತರ ಕೈಯಲ್ಲಿ ಹೊಸ ನಾಟಕಕ್ಕೆ ಹರಿಯಿತು. ಆದ್ದರಿಂದಲೇ ಒಂದನ್ನು ಮಾತ್ರ ನೋಡಿ ಹಿಂತಿರುಗಬೇಡಿ ಎನ್ನುತ್ತೇನೆ. ಮೊದಲು ಮೈಸೂರು, ಆಮೇಲೆ ಹಳ್ಳಿ. ಹಳ್ಳಿಯದು ಮೊದಲಾದರೆ ಮರುದಿನದ ನಾಟಕಕ್ಕೆ ಎಚ್ಚರ ಇರುವುದಿಲ್ಲ.

ಇನ್ನೊಂದು ಮಾತು: ಹನ್ನೆರಡಕ್ಕೆ ಎದ್ದು ಹೋಗುವವರು ಬರದೇ ಇರುವುದೇ ಲೇಸು. ಒಳ್ಳೆಯ ಹಾಡುಗಳೆಲ್ಲ ಮೂರರ ನಂತರ. ನಿದ್ದೆ ತಡೆಯಲಾಗದಿದ್ದರೆ ಅಲ್ಲೇ ಚಾಪೆಯ ಮೇಲೆ ಒರಗಿ, ಪಕ್ಕದವರಿಗೆ ಹೇಳಿದರೆ ಎಬ್ಬಿಸುತ್ತಾರೆ. ಚಹಾ, ಬೋಂಡ, ಕಡಲೆಪುರಿಯ ಅಂಗಡಿಗಳು ಬೆಳಗಿನವರೆಗೂ ತೆರೆದಿರುತ್ತವೆ. ಬಹುಮಾನ ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ನಾಟಕ ಮುಗಿದ ಮೇಲೆ ಮೇಷ್ಟ್ರ ಕೈಗೆ ಕೊಡಿ, ರಾತ್ರಿಯಿಡೀ ಅವರ ಕಾಲಿಗೂ ಕೈಗೂ ಬಿಡುವಿರುವುದಿಲ್ಲ.

ಬೆಳಕು ಹರಿದಾಗ ಮಂಗಳಾರತಿ. ರಂಗದ ಹಿಂದೆ ಹೋದೆವು. ಮಾವ ಕಿರೀಟ ತೆಗೆದಿಟ್ಟು, ಕೊಬ್ಬರಿ ಎಣ್ಣೆ ಸವರಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಕೆನ್ನೆಯ ಕೆಂಪು ಅರ್ಧ ಹೋಗಿತ್ತು. “ಕೊನೆಯ ಪದ್ಯದಲ್ಲಿ ಶ್ರುತಿ ಬಿಟ್ಟೆನೇನವ್ವ?” ಎಂದು ಅಮ್ಮನನ್ನು ಕೇಳಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿ, ಸೆರಗಿನ ತುದಿಯಿಂದ ಅವರ ಕಿವಿಯ ಹಿಂದಿನ ಬಣ್ಣ ಒರೆಸಿದರು. ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತದೆಂದು ಮಾವ ಉಳಿದ ಬಣ್ಣದಲ್ಲೇ ಕೊಟ್ಟಿಗೆಯ ಕಡೆ ನಡೆದರು.